ಊದಿದ ಬೆರಳುಗಳ ಸಹವಾಸ

ತೆಲುಗು ಸೀಮೆಯ ನಾಚಾರಂನ ಸ್ಕ್ಯಾನಿಂಗ್ ಸೆಂಟರಿನಲ್ಲಿ ಡಾಕ್ಟರಾಗಿ ನಾನು ನೋಡುವುದು ಜನರ ಎಲುಬು, ಕೀಲು. ಕೇಳಿಸಿಕೊಳ್ಳುವುದು ಮಾತ್ರ ಅವರ ಮನೆಯ ಕಥೆ. ಚರ್ಮದ ಮೇಲೆ ಹೊಟ್ಟು ಏಳಿಸುವ ಸೋರಿಯಾಸಿಸ್ ರೋಗ ಕೀಲಿಗೂ ಇಳಿದಿದೆಯೇ ಎಂದು ಪತ್ತೆ ಹಚ್ಚುವುದರಲ್ಲಿ ನನ್ನ ಕಣ್ಣು ತಪ್ಪುವುದು ಅಪರೂಪ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾನು ಕಲಬುರಗಿಯವಳೆಂದು ಗೊತ್ತಾದರೆ ಸಾಕು, ನಮ್ಮ ಕಡೆಯವರು ತೆಲುಗು ಬಿಟ್ಟು ಕನ್ನಡಕ್ಕೆ ಇಳಿಯುತ್ತಾರೆ. ಆಮೇಲೆ ದಿನಕ್ಕೊಂದು ಪ್ರಸಂಗ ಆಗದಿದ್ದರೆ ಕೇಳಿ.

ನೀರು

ಜೀಡಿಮೆಟ್ಲಾದ ಔಷಧ ಕಾರ್ಖಾನೆಯ ಸೂಪರ್‌ವೈಸರ್ ಒಬ್ಬರು ಊದಿದ ಕೈಬೆರಳಿನ ಅಲ್ಟ್ರಾಸೌಂಡ್‌ಗೆ ಬಂದಿದ್ದರು. ಜೆಲ್ ಹಚ್ಚಿ, "ಅಲಗಾಡಬ್ಯಾಡ್ರಿ" ಎಂದೆ. ಮನುಷ್ಯ ಮಂಚದ ಮೇಲೆ ಒದ್ದಾಡುತ್ತಲೇ ಇದ್ದರು.

"ಅಷ್ಟು ನೋವೇನ್ರಿ?"

"ನೋವಲ್ರಿ ಮೇಡಂ. ನೀರು ಕುಡದು, ತಡಕೊಂಡು ಬರ್ರಿ ಅಂತ ಹೊರಗ ಬೋರ್ಡಿನ್ಯಾಗ ಬರದೈತಿ. ಎರಡು ಬಾಟ್ಲಿ ಕುಡದೀನಿ!"

ಅದು ಹೊಟ್ಟೆಯ ಸ್ಕ್ಯಾನಿಗೆ ಎಂದೆ. ಪೂರ್ತಿ ಕೇಳಲು ಅವರು ಅಲ್ಲಿರಲಿಲ್ಲ.

ರೋಗವಲ್ಲ

ಬೀದರ ಕಡೆಯ ವ್ಯಾಪಾರಿ. ಉಗುರಿನಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು. ಎಕ್ಸ್‌ರೇಯಲ್ಲಿ ಬೆರಳ ತುದಿಯ ಕೀಲು ಸವೆದಿತ್ತು.

"ಮೈಮ್ಯಾಲೆ ಹೊಟ್ಟು ಏಳುವಂಥ ಕಲೆ ಅದಾವೇನ್ರಿ?"

"ಛೇ, ನಮ್ಮ ಮನಿತನದಾಗ ಯಾರಿಗೂ ಇಲ್ರಿ."

ಅಂಗಿಯ ತೋಳು ಮಡಚಿಸಿದೆ. ಮೊಣಕೈ ತುಂಬ ಬಿಳಿ ಪೊರೆ!

"ಇದಾ? ಇದು ರೋಗ ಅಲ್ರಿ, ಮದಿವಿ ಮೊದಲಿಂದ ಐತಿ!"

ಕಾಲುಂಗುರ

ಒಬ್ಬ ಗೃಹಿಣಿಯ ಕಾಲ್ಬೆರಳು ಊದಿ ದಪ್ಪಗಾಗಿತ್ತು. ರಕ್ತ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ. ಗಂಡ ಎದುರಿಗೇ ಹೇಳಿದರು, "ಏನಿಲ್ರಿ, ಕೆಲಸ ಅಂದ್ರ ಇಕಿಗಿ ಕಾಲು ನೋಯ್ತಾವ."

ಆಕೆ ನನ್ನ ಕೈ ಹಿಡಿದರು. "ಫೋಟೋದಾಗೂ ಏನೂ ಕಾಣಲಿಲ್ಲಂದ್ರ ಮನ್ಯಾಗ ನಾ ಸುಳ್ಳಿ ಆಗ್ತೀನ್ರಿ."

ನನಗೆ ಪಾಪ ಎನಿಸಿತು, ಸಿಟ್ಟೂ ಬಂತು.

ಕೀಲು ಕಾಣಬೇಕಾದರೆ ಕಾಲುಂಗುರ ತೆಗೆಯಬೇಕು. ಆಕೆ ಒಪ್ಪಲಿಲ್ಲ. "ಗಂಡ ಇರೂತನಕ ತಗದು ಇಡಬಾರದ್ರಿ."

"ನಾ ಗಟ್ಟಿ ಅದೀನಿ, ತಗಿ!" ಎಂದರು ಗಂಡ.

"ಹಂಗಾದ್ರ ನೀವ ಹಾಕ್ಕೊಂಡು ಕೂಡ್ರಿ," ಎಂದರು ಆಕೆ.

ಜೆಲ್ ಸವರಿ ಉಂಗುರ ಜಾರಿಸಿದೆ. ಗಂಡ ಅದನ್ನು ತಮ್ಮ ಕಾಲ್ಬೆರಳಿಗೆ ಒತ್ತಿ ಕೂಡಿಸಿಕೊಂಡು ಹೊರಗೆ ಹೋದರು.

ಎಕ್ಸ್‌ರೇಯಲ್ಲಿ ಕೀಲಿನ ಅಂಚು ಇಲಿ ಕಡಿದಂತೆ ಸವೆದಿತ್ತು. ಸೋರಿಯಾಸಿಸ್ ಕೀಲಿಗೆ ಇಳಿದಿದೆ, ಅನುಮಾನವೇ ಇಲ್ಲ. ಗೆದ್ದೆವು ಎಂದುಕೊಂಡು ಗಂಡನನ್ನು ಒಳಗೆ ಕರೆದೆ. ಕುಂಟುತ್ತ ಬಂದರು.

"ಮೇಡಂ, ಮೊದಲ ಈ ಉಂಗುರ ತಗೀರಿ, ತಡಿಯಾಕ ಆಗವಲ್ದು!"

ಜೆಲ್ ತರಲು ಎದ್ದೆ. ಹೆಂಡತಿ ನನ್ನನ್ನು ತಡೆದು ಕೂರಿಸಿದರು.

"ಗಡಿಬಿಡಿ ಇಲ್ರಿ. ಮೊದಲ ನನ್ನ ಎಲುಬಿನ ಫೋಟೋ ಅವರಿಗಿ ಸಾವಕಾಶ ತಿಳಿಸಿ ಹೇಳ್ರಿ."