ಸಕ್ಕರಿ ಕಚ್ಚಂಗಿಲ್ಲ

ಪಂಪಾಪತಿ ಫೋನಿನಲ್ಲಿ ಮಾತಾಡುತ್ತ, ಎಲ್ಲಿ ಕೂರುತ್ತಿದ್ದೇನೆಂದು ನೋಡದೆ ಕೂತದ್ದೇ ಆ ದಿನದ ಎಲ್ಲ ರಗಳೆಗೂ ಮೂಲ.

ರಾಯಚೂರಿನಲ್ಲಿ ಅವನ ಮನೆಯ ಮುಂದೊಂದು ಬೋರ್ಡಿದೆ: ‘ಪಂಪಾಪತಿ ಶ್ವಾನ ಕೇಂದ್ರ. ನಮ್ಮ ನಾಯಿ ಕಚ್ಚುವುದಿಲ್ಲ.’ ಎರಡನೆಯ ಸಾಲನ್ನು ಅವನೇ ಕೆಂಪು ಬಣ್ಣದಲ್ಲಿ ಬರೆದದ್ದು. ಚಿಕ್ಕವನಿದ್ದಾಗ ಪಾಟಿಚೀಲದಿಂದ ಪುಸ್ತಕ ಇಳಿಸಿ ನಾಯಿಮರಿ ಏರಿಸಿಕೊಂಡು ಶಾಲೆಗೆ ಹೋಗಿ, ಮಾಸ್ತರು ಹಾಜರಿ ಕೂಗುವಾಗ ಮರಿ ‘ಕುಂಯ್’ ಎಂದು ಓಗೊಟ್ಟು, ಬೆತ್ತದೇಟು ತಿಂದವನು. ಕಾಲು ಮುರಿದ ಕತ್ತೆಮರಿ, ಕರೆಂಟು ಹೊಡೆಸಿಕೊಂಡ ಕಾಗೆ, ಯಾರೋ ಬಾವಿಗೆಸೆದ ಬೆಕ್ಕು, ಎಲ್ಲವೂ ಅವನ ಅವ್ವನ ಅಡುಗೆಮನೆಯಲ್ಲೇ ಚೇತರಿಸಿಕೊಂಡವು. ದೊಡ್ಡವನಾದ ಮೇಲೆ ಲ್ಯಾಬ್ರಡಾರ್ ಸಾಕಿ, ಮರಿ ಮಾಡಿಸಿ ಮಾರುವುದೇ ಕಸುಬಾಯಿತು. ಮರಿ ಕೊಡುವ ಮೊದಲು ಅವನು ಹಾಕುವ ಷರತ್ತುಗಳನ್ನು ಹೆಣ್ಣು ಕೊಡುವ ಅಪ್ಪಂದಿರೂ ಹಾಕಿರಲಿಕ್ಕಿಲ್ಲ.

ಈಚೆಗೆ ಮಾತ್ರ ವ್ಯಾಪಾರ ಸೊರಗಿತ್ತು. ಹೈದರಾಬಾದಿನಿಂದ ಮರಿ ತಂದು ಮಾರುವವರು ಊರ ತುಂಬ ಆಗಿದ್ದರು. ಅವನ ಮುದ್ದಿನ ನಾಯಿ ಸಕ್ಕರಿ ಹೆತ್ತ ನಾಲ್ಕು ಮರಿಗಳನ್ನು ಒಬ್ಬರೂ ಬಂದು ಕೇಳಿರಲಿಲ್ಲ. ಅಂಥದ್ದರಲ್ಲಿ ಅಂದು ಬೆಳಿಗ್ಗೆ ಮಾನ್ವಿಯಿಂದ ಬಸವಲಿಂಗ ಎಂಬ ರೈಸ್ ಮಿಲ್ ಸಾಹುಕಾರನ ಫೋನು ಬಂತು. ಮುಖ ಕಂಡವನಲ್ಲ, ದನಿ ಮಾತ್ರ ಅಕ್ಕಿ ಮೂಟೆ ಉರುಳಿಸಿದ ಹಾಗಿತ್ತು. ಮಿಲ್ಲಿಗೆ ನಾಯಿ ಬೇಕು, ನಾಲ್ಕನ್ನೂ ಒಯ್ಯುತ್ತೇನೆ ಎಂದ. ಪಂಪಾಪತಿ ಹಿಗ್ಗಿದರೂ ಷರತ್ತು ಬಿಡಲಿಲ್ಲ.

“ಎರಡು ಹೊತ್ತು ಊಟ ಹಾಕ್ರಿ. ಮಲಗಾಕ ಒಣಾ ಗೋಣಿಚೀಲ ಇರ್ಲಿ. ಬಿಸಲಾಗ ನಿಲ್ಲಸಬ್ಯಾಡ್ರಿ. ಬೈಬ್ಯಾಡ್ರಿ, ಅದಕ್ಕೂ ಮನಸ್ಸದ.”

“ಅದೆಲ್ಲ ಆತು. ತಾಯಿ ನಾಯಿ ಕಚ್ತದೇನು? ಅದನ್ನ ಹೇಳ್ರಿ.”

ಎಲ್ಲ ಗಿರಾಕಿಗಳೂ ಕೊನೆಗೆ ಕೇಳುವುದು ಇದನ್ನೇ. ಪಂಪಾಪತಿ ನಗುತ್ತ, ಗೋಡೆ ಬದಿಯ ಕೌದಿಯ ಮೇಲೆ ಕೂರುತ್ತ, “ನಮ್ಮ ಸಕ್ಕರಿ ಒಂದು ಇರಿವಿಗೂ...” ಎಂದ.

ಕೌದಿಯೊಳಗೆ ಮರಿಯೊಂದು ಮಲಗಿತ್ತು. ಅದು ಕೀರಿತು. ಪಡಸಾಲೆಯ ಆ ತುದಿಯಲ್ಲಿದ್ದ ಸಕ್ಕರಿ ಈ ತುದಿಗೆ ಬಂದದ್ದು ಯಾರಿಗೂ ಕಾಣಲಿಲ್ಲ, ತಲುಪಿದ್ದು ಮಾತ್ರ ಪಂಪಾಪತಿಗೆ ಗೊತ್ತಾಯಿತು.

“...ಕಚ್ಚಂಗಿಲ್ರಿ,” ಎಂದು ಉಳಿದ ಮಾತನ್ನು ಅವನು ಹಲ್ಲು ಕಚ್ಚಿ ಮುಗಿಸಿದ. ಆ ಹೊತ್ತಿನಲ್ಲಿ ಸಕ್ಕರಿಯ ಹಲ್ಲೂ ಅವನ ಹಿಂಭಾಗದಲ್ಲಿ ಭದ್ರವಾಗಿ ಕಚ್ಚಿಕೊಂಡಿತ್ತು.

“ಹೌದಾ. ಆತು, ಹೇಳ್ತೀನಿ,” ಎಂದು ಸಾಹುಕಾರ ಫೋನಿಟ್ಟ. ಆಮೇಲೆ ಪಂಪಾಪತಿ ಚೀರಿದ.

ಮೊದಲು ಮರಿಯನ್ನು ಎತ್ತಿ ನೋಡಿದ. ಏನೂ ಆಗಿರಲಿಲ್ಲ. ಸಕ್ಕರಿ ಅದನ್ನು ಅವನ ಕೈಯಿಂದ ಕಸಿದುಕೊಂಡು ನೆಕ್ಕುತ್ತ, ಇವನನ್ನು ಯಾವ ಊರಿನವನೋ ಎಂಬಂತೆ ನೋಡಿತು. ನೋವಿಗಿಂತ ಆ ನೋಟವೇ ಹೆಚ್ಚು ಚುಚ್ಚಿತು. ತಪ್ಪು ತನ್ನದೇ. ಆದರೆ ಬೋರ್ಡಿನಲ್ಲಿ ಹಾಗೆಂದು ಬರೆದಿಲ್ಲವಲ್ಲ.

ಹಿತ್ತಲಿನಲ್ಲಿ ಸೋಪು ಹಚ್ಚಿ ಗಾಯ ತೊಳೆಯುವಷ್ಟರಲ್ಲಿ ಗೋಡೆಯ ಮೇಲೆ ಪಕ್ಕದ ಮನೆಯ ಪಾರ್ವತೆಮ್ಮನ ತಲೆ ಮೂಡಿತು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಪಂಪಾಪತಿ ಬಾಯಿಗೆ ಬಂದದ್ದು ಹೇಳಿದ. ಹೆಂಡತಿ ಗುಂಜಹಳ್ಳಿಗೆ ತವರಿಗೆ ಹೋದಾಗಲೇ ಬಿದ್ದಿದ್ದಾನೆಂದು ಪಾರ್ವತೆಮ್ಮನ ಕರುಳು ಚುರ್ ಎಂದಿತು. ಆಕೆ ಹೋಗಿ ಜಂಬಣ್ಣನನ್ನು ಕರೆತಂದಳು. ಜಂಬಣ್ಣ ರಿಟೈರಾದ ಲೈನ್‌ಮನ್ನು. ಕಂಬ ಹತ್ತುವುದು ನಿಂತ ಮೇಲೆ ಓಣಿಯವರ ಸೊಂಟ ತಿಕ್ಕುವುದನ್ನು ಹಿಡಿದಿದ್ದ. ಬಿಸಿ ಎಣ್ಣೆಯ ಬಟ್ಟಲಿನೊಡನೆಯೇ ಬಂದ.

“ಬೋರ್ಲ ಮಲಗಲೇ. ಲುಂಗಿ ಸಡ್ಲ ಮಾಡು.”

“ಬ್ಯಾಡಣ್ಣ, ಮಾನ್ವಿಗೆ ಅರ್ಜೆಂಟ್ ಹೋಗ್ಬೇಕಾಗ್ಯದ.”

“ಬಿದ್ದವ ದವಾಖಾನಿಗೆ ಹೋಗ್ತಾನ. ನೀ ಮಾನ್ವಿಗೆ ಹೊಂಟೀಯಲ್ಲೋ.”

ಎರಡೂ ಒಂದೇ ಎಂದು ಹೇಳುವಂತಿರಲಿಲ್ಲ. ಲಸಿಕೆ ಹಾಕಿದ ನಾಯಿಯೇ ಕಚ್ಚಿದರೂ ಸೂಜಿ ಮಾಡಿಸಿಕೊಳ್ಳಿ ಎಂದು ಗಿರಾಕಿಗಳಿಗೆ ಅವನೇ ಬುದ್ಧಿ ಹೇಳುತ್ತಿದ್ದ. ಆದರೆ ನಾಯಿ ಮಾರುವವನು ರಾಯಚೂರಿನ ದವಾಖಾನೆಯಲ್ಲಿ ನಾಯಿ ಕಚ್ಚಿದವರ ಪಾಳಿಯಲ್ಲಿ ನಿಂತರೆ ಬೋರ್ಡು ಇಳಿಸಿಯೇ ಹೋಗಬೇಕು. ದೇವದುರ್ಗವೂ ಆಗದು, ಅಲ್ಲಿ ಮನೆ ಬಿಟ್ಟು ಮನೆಗೆ ಅವನದೇ ನಾಯಿ. ಮಾನ್ವಿಯಲ್ಲಿ ಮಾತ್ರ ಅವನ ಮುಖ ಯಾರಿಗೂ ಗೊತ್ತಿಲ್ಲ. ಸೂಜಿ ಮಾಡಿಸಿಕೊಂಡು, ಹಾಗೇ ಸಾಹುಕಾರನನ್ನು ಕಂಡು ಮರಿಗಳ ಮಾತು ಮುಗಿಸಿ ಬಂದರಾಯಿತು. ಎಣ್ಣೆ ಆರದ ಹಾಗೆ ಇಟ್ಟಿರುತ್ತೇನೆಂದು ಜಂಬಣ್ಣ ಹಿಂದಿನಿಂದ ಕೂಗಿ ಹೇಳಿದ.

ಬಸ್ಸು ಅರ್ಧ ಖಾಲಿಯಿತ್ತು. ಪಂಪಾಪತಿ ನಿಂತ. ಕಂಡಕ್ಟರು ಕೂರಲು ಹೇಳಿದ, ಡ್ರೈವರು ಕನ್ನಡಿಯಲ್ಲಿ ನೋಡಿದ. ಒಂದು ತಗ್ಗಿಗೆ ಬಸ್ಸು ಕುಣಿದಾಗ ಅವನು ಸೀಟಿನ ಅಂಚಿಗೆ ತಾಗಿ, ಕಾದ ಹಂಚು ಮುಟ್ಟಿದವನಂತೆ ಮೇಲೆದ್ದ. ಕಿಟಕಿಯ ಬಳಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಬಸವಂತಮ್ಮ ಎಂಬ ಮುದುಕಿ ಸುಮ್ಮನಿರಲಾರದೆ, “ಯಾಕಪ್ಪಾ, ಕುಂದ್ರವಲ್ಲಿ?” ಎಂದು ಕೇಳಿಯೇ ಬಿಟ್ಟಳು.

“ಹರಕಿ ಅದ ಯವ್ವಾ. ಇವತ್ತಿಡೀ ಕುಂದರಂಗಿಲ್ಲ.”

ಇಡೀ ಬಸ್ಸು ಮೆತ್ತಗಾಯಿತು. ಬಸವಂತಮ್ಮ ಎರಡೂ ಕೈ ಮುಗಿದಳು. ಎದುರಿನ ಸೀಟಿನವನು ತಾನು ಕೂತದ್ದೇ ತಪ್ಪೆನಿಸಿ ಸ್ವಲ್ಪ ದೂರದವರೆಗೆ ತಾನೂ ನಿಂತೇ ಬಂದ. ಯಾರೋ ಬಾಳೆಹಣ್ಣು ಕೊಟ್ಟರು. ಪಂಪಾಪತಿ ಅದನ್ನು ತಿನ್ನುತ್ತ, ತಿಂದ ಪ್ರತಿ ತುತ್ತಿಗೂ ನಾಚುತ್ತ, ಮಾನ್ವಿಯವರೆಗೂ ದೇವರಂತೆ ನಿಂತು ಹೋದ.

ಸರಕಾರಿ ದವಾಖಾನೆಯಲ್ಲಿ ಸೂಜಿಯ ಪಾಳಿ ವರಾಂಡ ದಾಟಿ ಬೇವಿನ ಗಿಡದವರೆಗೂ ಬಂದಿತ್ತು. ಟವೆಲಿನಿಂದ ಅರ್ಧ ಮುಖ ಮುಚ್ಚಿಕೊಂಡು ಅವನು ಸೇರಿಕೊಂಡ. ಮುಂದಿದ್ದವಳು ಹಿಂತಿರುಗಿ ನೋಡಿದಳು. ಬಸವಂತಮ್ಮ.

“ಯಪ್ಪಾ, ಹರಕಿ ಇಲ್ಲೇ ಮುಟ್ಟಸ್ತೀಯೇನು?”

ಪಂಪಾಪತಿ ಟವೆಲನ್ನು ಕಣ್ಣಿನವರೆಗೂ ಎಳೆದುಕೊಂಡ. ಅಷ್ಟರಲ್ಲಿ ನರ್ಸ್ ಫರ್ಹೀನ್ ಪಾಳಿಯ ಉದ್ದಕ್ಕೂ ವಿಚಾರಿಸುತ್ತ ಬಂದಳು. ಅವಳ ದನಿ ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗುವವರಿಗಿಂತ ಕಡಿಮೆಯದಾಗಿರಲಿಲ್ಲ. ಎಲ್ಲಿ ಕಚ್ಚಿದೆ, ಯಾವ ನಾಯಿ ಎಂದು ಕೇಳಿದಳು. ಮೊದಲನೆಯದಕ್ಕೆ ಪಂಪಾಪತಿ ಕೈ ಹಿಂದೆ ಮಾಡಿ ತೋರಿಸಿದ. ಎರಡನೆಯದಕ್ಕೆ ಬೀದಿ ನಾಯಿ, ಕರಿ ಬಣ್ಣದ್ದು ಎಂದ. ಹಾಗೆಂದೊಡನೆ, ಓಣಿಯಲ್ಲಿ ದಿನಾ ಅವನ ಕೈಯಿಂದ ರೊಟ್ಟಿ ತಿನ್ನುವ ಕರಿಯ ಎಂಬ ಬೀದಿ ನಾಯಿ ಅವನ ಕಣ್ಣ ಮುಂದೆ ಬಂದು ಬಾಲ ಅಲ್ಲಾಡಿಸಿತು.

ಆಗಲೇ ಹಿಂದಿನಿಂದ ಅಕ್ಕಿ ಮೂಟೆ ಉರುಳಿದಂಥ ದನಿ ಕೇಳಿದ್ದು.

“ಕಾವಲಿಗೆ ಇಟ್ಟಾಂವ ಗೇಟಿನಾಗ ಗೊರಕಿ ಹೊಡಿಯಾಕತ್ತಿದ್ದ. ಬೀದಿ ನಾಯಿ ಬಂದು ಕಚ್ಚಿ ಎಬ್ಬಿಸಿ ಹೋಗ್ಯದ.”

ಬಿಳಿ ಅಂಗಿಯ ದಪ್ಪ ಮನುಷ್ಯನೊಬ್ಬ ತನ್ನ ವಾಚ್‌ಮನ್ನನ್ನು ರಟ್ಟೆ ಹಿಡಿದು ನಿಲ್ಲಿಸಿಕೊಂಡಿದ್ದ. ಪಾಳಿಗೆಲ್ಲ ಕೇಳುವಂತೆ ತನ್ನ ಕಷ್ಟ ತೋಡಿಕೊಳ್ಳುತ್ತಿದ್ದ. ಮಿಲ್ಲಿನಲ್ಲಿ ಕಳ್ಳತನ ವಿಪರೀತ. ಕಚ್ಚುವ ನಾಯಿ ಹುಡುಕಿ ಹುಡುಕಿ ಸಾಕಾಗಿದೆ.

“ಬೆಳಿಗ್ಗೆ ರಾಯಚೂರಿನವ ಒಬ್ಬಂವಗ ಫೋನ್ ಹಚ್ಚಿದ್ದೆ. ನಮ್ಮ ನಾಯಿ ಇರಿವಿಗೂ ಕಚ್ಚಂಗಿಲ್ಲ ಅಂತಾನ. ಅಂಥಾದ್ದು ತಗೊಂಡು ನಾ ಏನು ಪೂಜಿ ಮಾಡ್ಲೇನು? ಸಂಜಿಗೆ ದೇವದುರ್ಗಕ್ಕ ಹೋಗಿ ಬ್ಯಾರೆ ನೋಡ್ತೀನಿ.”

ಬೆಳಗಿನಿಂದ ಪಂಪಾಪತಿ ಯಾವುದನ್ನು ಮುಚ್ಚಿಡಲು ಸುಳ್ಳಿನ ಮೇಲೆ ಸುಳ್ಳು ಪೇರಿಸಿದನೋ, ಸಾಹುಕಾರನಿಗೆ ಬೇಕಾದದ್ದು ಅದೇ. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ನಾಲ್ಕು ಮರಿ ಹೋಗುತ್ತವೆ. ಅವನು ಟವೆಲು ಕೆಳಗಿಳಿಸಿದ.

“ಸಾಹುಕಾರ್ರ, ಆ ನಾಯಿ ಕಚ್ತದ್ರಿ.”

“ನಿಮಗ ಹ್ಯಾಂಗ ಗೊತ್ತು?”

“ಅದು ನಂದಽ ನಾಯಿ. ನನಗಽ ಕಚ್ಚ್ಯದ. ನಿಮ್ಮ ಜೋಡಿ ಫೋನಿನಾಗ ಮಾತಾಡಬೇಕಾದ್ರನಽ ಕಚ್ತು.”

ಪಾಳಿ ಮುರಿದು ದುಂಡಗಾಯಿತು. ಬೀದಿ ನಾಯಿ ಎಂದಿರಲ್ಲ ಎಂದು ಫರ್ಹೀನ್ ಸೊಂಟದ ಮೇಲೆ ಕೈಯಿಟ್ಟಳು. ಹರಕೆ ಎಂದೆಯಲ್ಲ, ನಾನು ಕೈ ಮುಗಿದದ್ದು ಯಾವುದಕ್ಕೆ ಎಂದು ಬಸವಂತಮ್ಮ ಕೇಳಿದಳು. ಯಾಕೆ ಕಚ್ಚಿತು ಎಂಬ ಪ್ರಶ್ನೆ ಮೂರು ಕಡೆಯಿಂದ ಬಂತು. ಪಂಪಾಪತಿ ಅದನ್ನೂ ಒಪ್ಪಿಕೊಂಡ.

“ನೋಡದಽ ಮರಿ ಮ್ಯಾಲೆ ಕುಂತಿದ್ದೆ.”

“ಮರಿ ಮ್ಯಾಲೆ ಕುಂತ್ರ ನಾನಾದ್ರೂ ಕಚ್ತಿದ್ದೆ,” ಎಂದಳು ಬಸವಂತಮ್ಮ. ನಾಯಿ ಕಚ್ಚಿಸಿಕೊಂಡು ಬಂದ ಅಷ್ಟೂ ಜನ ನಾಯಿಯ ಕಡೆಗೇ ಆದರು.

ಸಾಹುಕಾರ ಮಾತ್ರ ಗೆಲುವಾಗಿದ್ದ. ಭತ್ತದ ಕಾಳು ಪರೀಕ್ಷಿಸುವವನಂತೆ ಪಂಪಾಪತಿಯ ಸುತ್ತ ಒಂದು ಸುತ್ತು ಬಂದು, ಹಿಂದೆ ಲುಂಗಿಯ ಮೇಲೆ ಮೂಡಿದ ಕಲೆಯನ್ನು ಬಗ್ಗಿ ನೋಡಿದ. ಹಲ್ಲು ಚಲೋ ಅದಾವ ಎಂದ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ.

“ಹೊರಗಿನವ್ರು ಬಂದ್ರ ಏನ್ ಮಾಡ್ತದ?”

ಹರಿದು ತಿನ್ನುತ್ತದೆ ಎಂದರೆ ವ್ಯಾಪಾರ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಜಾರಿಬಿದ್ದ ಸುಳ್ಳು, ಹರಕೆಯ ಸುಳ್ಳು, ಕರಿಯನ ಮೇಲೆ ಹೊರಿಸಿದ ಸುಳ್ಳು, ಎಲ್ಲ ಸೇರಿ ಅದಕ್ಕೆ ಅಡ್ಡ ನಿಂತವು. ಸಕ್ಕರಿಯ ಮೇಲೆ ಇನ್ನೊಂದು ಹೊರಿಸಲು ಅವನಿಂದ ಆಗಲಿಲ್ಲ.

“ನೆಕ್ತದ್ರಿ,” ಎಂದ ಮೆಲ್ಲಗೆ.

ಸಾಹುಕಾರ ಯೋಚಿಸಿದ. “ಅಂದ್ರ ಹೊರಗಿನವ್ರನ್ನ ನೆಕ್ತದ, ಮಾಲಕನ್ನ ಕಚ್ತದ. ನನ್ನ ಮಿಲ್ಲಿನಾಗ ಹೊರಗಿನವ ಕಳ್ಳ. ಮಾಲಕ ಯಾರಪ್ಪಾ?”

ಪಾಳಿಗೆ ಪಾಳಿಯೇ ನಕ್ಕಿತು. ಬೇವಿನ ಗಿಡದ ಕೆಳಗೆ ಕೂತು ಬೀಡಿ ಸೇದುತ್ತಿದ್ದವನೂ ನಕ್ಕ. ಪಂಪಾಪತಿಗೆ ಅಲ್ಲೇ ಎಲ್ಲಾದರೂ ಕುಸಿದು ಕೂತುಬಿಡಬೇಕೆನಿಸಿತು, ಆದರೆ ಕೂರಲು ಬರುವಂತಿರಲಿಲ್ಲ.

ಫರ್ಹೀನ್ ಒಳಗೆ ಕರೆದು ಸೂಜಿ ಹಾಕಿದಳು. ಅವನು ಹ್ಞಾಂ ಎನ್ನಲಿಲ್ಲ, ಹ್ಞೂಂ ಎನ್ನಲಿಲ್ಲ. ನೋವಿಗಿಂತ ದೊಡ್ಡದು ಆಗಲೇ ಆಗಿಹೋಗಿತ್ತು. ಮುಂದಿನ ಸೂಜಿಗೆ ತಪ್ಪದೆ ಬರಬೇಕೆಂದು ಅವಳು ತನ್ನ ಎಂದಿನ ದನಿಯಲ್ಲಿ ಹೇಳಿ ಕಳಿಸಿದಳು. ತಲೆ ಬಗ್ಗಿಸಿ ಹೊರಬಂದರೆ ಬಾಗಿಲಲ್ಲಿ ಬಸವಲಿಂಗ ಕಾಯುತ್ತಿದ್ದ. ಪಕ್ಕದಲ್ಲಿ ಬಸವಂತಮ್ಮ, ಏನೋ ಶಿಫಾರಸು ಮಾಡಿದವಳ ಮುಖಭಾವದಲ್ಲಿ.

“ಈ ಯವ್ವ ಹೇಳ್ತಾಳ, ರಾಯಚೂರಿನಿಂದ ಇಲ್ಲೀತನಕ ನಿಂತಽ ಬಂದೀರಂತ?”

“ಹೂಂನ್ರಿ.”

“ನಾಯಿ ಕಚ್ಚಿದಾಗ ಫೋನಿನಾಗ ಒಂದು ಸಪ್ಪಳ ಮಾಡ್ಲಿಲ್ಲ ನೀವು. ಈಗ ಸೂಜಿ ಚುಚ್ಚಿದ್ರೂ ಇಲ್ಲ.”

ಎಲ್ಲೋ ಒಂದು ಮೂಲೆಯಲ್ಲಿ ಪಂಪಾಪತಿಗೆ ಮತ್ತೆ ಆಸೆ ಮೂಡಿತು. ಮರಿಗಳ ವಿಷಯವೇ ಇರಬೇಕು. ಮೂರಾದರೂ ಹೋದಾವು, ಎರಡಾದರೂ.

“ನಾಯಿ ಬ್ಯಾಡ ನನಗ,” ಎಂದ ಸಾಹುಕಾರ. “ನಮ್ಮ ವಾಚ್‌ಮನ್‌ಗ ಇನ್ನ ಕೆಲಸ ಆಗಂಗಿಲ್ಲ. ನೀವು ಬರ್ರಿ. ನಿಮಗ ಕುಂದರಾಕ ಬರಂಗಿಲ್ಲ. ಕುಂದರಲಾರದವಗ ನಿದ್ದಿ ಎಲ್ಲಿಂದ ಬರ್ತದ?”

ಪಂಪಾಪತಿ ಒಂದು ಹೆಜ್ಜೆ ಹಿಂದೆ ಸರಿದ. ಒಪ್ಪಿಕೊಳ್ಳಲು ಹಿಂಜರಿಯುತ್ತಿದ್ದಾನೆಂದು ತಿಳಿದ ಸಾಹುಕಾರ ಅವನ ಹೆಗಲ ಮೇಲೆ ಕೈಯಿಟ್ಟು ಧೈರ್ಯ ಹೇಳಿದ. ಬೆಳಗಿನ ಫೋನಿನ ಮಾತುಗಳಲ್ಲಿ ಒಂದನ್ನೂ ಅವನು ಮರೆತಿರಲಿಲ್ಲ.

“ಎರಡು ಹೊತ್ತು ಊಟ ಹಾಕ್ತೀನಿ. ಮಲಗಾಕ ಒಣಾ ಗೋಣಿಚೀಲ ಕೊಡ್ತೀನಿ. ಬಿಸಲಾಗ ನಿಲ್ಲಸಂಗಿಲ್ಲ. ಬೈಯಂಗಿಲ್ಲ.”