ಏಳದ ಲ್ಯಾಪ್‌ಟಾಪೂ ಮುದಗಲ್ಲ–ನದಾಫರ ಮಹಾಸಮರವೂ

ಎಲೈ ವಿದ್ಯುದ್ದೇವಿಯೇ, ಬಯಲುಸೀಮೆಯ ಕಂಬಗಳಲ್ಲಿ ಬಂದೂ ಬಾರದೆ ಕಣ್ಣಾಮುಚ್ಚಾಲೆಯಾಡುವ ಚಂಚಲೆಯೇ, ಈ ಕಥೆ ಮುಗಿಯುವವರೆಗಾದರೂ ನಿಂತಿರು! ಹಾಲ್ ಟಿಕೆಟ್ಟಿಲ್ಲದೆ ಪರೀಕ್ಷೆಯಿಲ್ಲ, ಅಪ್‌ಲೋಡಿಲ್ಲದೆ ಹಾಲ್ ಟಿಕೆಟ್ಟಿಲ್ಲ, ಲ್ಯಾಪ್‌ಟಾಪಿಲ್ಲದೆ ಅಪ್‌ಲೋಡಿಲ್ಲ ಎಂಬ ಕಠೋರಧರ್ಮವು ಭೂಮಂಡಲವನ್ನು ಆಳುತ್ತಿದ್ದ ಯುಗದಲ್ಲಿ, ಗದಗ ಸೀಮೆಯ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯೊಳಗೆ, ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಆರಂಭವಾದ ಘೋರಸಂಗ್ರಾಮವನ್ನು ಹೇಳುತ್ತೇನೆ. ಬಿಡುವಿದ್ದವರು ಕೇಳಿರಿ.

ತ್ರಿಶತಕನ್ಯಾಪರಿಪಾಲಕಿಯೂ ಹಾಜರಿಪುಸ್ತಕಧಾರಿಣಿಯೂ ಆದ ಮುಖ್ಯಾಧ್ಯಾಪಕಿ ಇಂದುಮತಿ ಅಂಗಡಿಯು ಮೂರು ಸಲ ದೇವರನ್ನು ನೆನೆದು ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಒಳಗಿನ ಪಂಖವು ಗುರ್ರೆಂದಿತು. ಪರದೆಯು ಅಮಾವಾಸ್ಯೆಯಂತೆ ಕಪ್ಪಾಯಿತು. ಆ ಕಪ್ಪಿನ ತುದಿಯಲ್ಲಿ ಒಂದೇ ಒಂದು ಬಿಳಿಯ ಇಂಗ್ಲಿಷ್ ಸಾಲು ಮೂಡಿ, ‘ನಾನು ಎಲ್ಲಿಂದ ಏಳಬೇಕೋ ನನಗೇ ತಿಳಿಯದು’ ಎಂಬರ್ಥದ ಮಾತನ್ನಾಡಿ ಸುಮ್ಮನಾಯಿತು.

“ಅಯ್ಯ ಶಿವನ, ನಿನ್ನೆ ಮಧ್ಯಾಹ್ನ ಛಲೋ ಇತ್ತಲ್ಲ!” ಎಂದು ಇಂದುಮತಿ ಹಣೆ ಹಿಡಿದುಕೊಂಡಳು.

ಹಿಡಿದುಕೊಳ್ಳದೆ ಇನ್ನೇನು ಮಾಡಿಯಾಳು? ಹತ್ತನೇ ತರಗತಿಯ ಎಂಬತ್ತಮೂರು ಹುಡುಗಿಯರ ಹೆಸರು, ಫೋಟೊ, ಸಹಿಗಳೆಲ್ಲ ಅದರ ಹೊಟ್ಟೆಯೊಳಗೇ ಇದ್ದವು, ಬೇರೆಲ್ಲಿಯೂ ಇರಲಿಲ್ಲ. ಕಳಿಸಲು ಮಧ್ಯಾಹ್ನ ಒಂದು ಗಂಟೆಯೇ ಕಡೆಯ ಗಡುವು. ಆ ಎಂಬತ್ತಮೂರರಲ್ಲಿ ಶಾಂತವ್ವ ತಳವಾರ ಎಂಬವಳ ಜನ್ಮದಿನಾಂಕ ಸರಿಪಡಿಸಲು ಅವಳ ತಾಯಿ ಕೂಲಿ ಬಿಟ್ಟು ಮೂರು ದಿನ ತಹಶೀಲ್ದಾರ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು.

ಆಗ ಪ್ರವೇಶಿಸಿದನು ನೋಡಿರಿ ಬೀಜಗಣಿತಗಜಕೇಸರಿ, ವರ್ಗಸಮೀಕರಣಮರ್ದನ, ಸೀಮೆಸುಣ್ಣಶರವರ್ಷಿ, ಗಣಿತದ ಮಾಸ್ತರ ಬಸಲಿಂಗಪ್ಪ ಮುದಗಲ್ಲನು! ಅವನ ಬೆನ್ನಿಗೇ, ಆದರೆ ಐದು ಮಾರು ದೂರ ಕಾಯ್ದುಕೊಂಡು ಬಂದನು ಆಮ್ಲಪ್ರತ್ಯಾಮ್ಲಪಾರಂಗತ, ಪ್ರಯೋಗಶಾಲಾಧೀಶ್ವರ, ವಿಜ್ಞಾನದ ಮಾಸ್ತರ ಹುಸೇನಸಾಬ ನದಾಫನು. ಶನಿವಾರದ ಕಡೆಯ ಪಿರಿಯಡ್ಡು ಯಾರಿಗೆ ಎಂಬ ವಾಗ್ಯುದ್ಧವಾದಂದಿನಿಂದ ಇಪ್ಪತ್ತೆರಡು ದಿನ ಈ ವೀರರಿಬ್ಬರ ನಡುವೆ ಮಾತಿರಲಿಲ್ಲ.

“ಮೇಡಮ್ಮರ, ಸರೀರಿ ಸ್ವಲ್ಪ,” ಎಂದು ಮುದಗಲ್ಲನು ಗರ್ಜಿಸಿದನು. “ಇಪ್ಪತ್ತಾರು ವರ್ಷ ಈ ಊರಿನ ಹುಡುಗ್ಯಾರಿಗೆ ಪ್ರಮೇಯ ತಿಳಿಸೇನಿ. ಅವ್ರ ಮುಂದ ಈ ಡಬ್ಬಿ ಯಾವ ಲೆಕ್ಕ? ಹತ್ತು ನಿಮಿಷದಾಗ ಎಬ್ಬಸದಿದ್ರ ನನ್ನ ಹೆಸರು ಮುದಗಲ್ಲನ ಅಲ್ಲ!”

ನದಾಫನು ಗೋಡೆಯ ನಕ್ಷೆಯನ್ನು ನೋಡುತ್ತ ಗಂಭೀರವಾಗಿ ನುಡಿದನು: “ಮೇಡಮ್ಮರ, ಅವ್ರಿಗೆ ಹೇಳ್ರಿ. ಒದರಿದ್ರ ಯಂತ್ರ ಏಳಂಗಿಲ್ಲ. ಮದಲ ಚಾರ್ಜರ್ ತಗದು ಗುಂಡಿ ಅರ್ಧ ನಿಮಿಷ ಒತ್ತಿ ಹಿಡೀಬೇಕು. ಒಳಗ ಉಳಿದ ಕರೆಂಟ್ ಹೋಗ್ಲಿ.”

“ಮೇಡಮ್ಮರ, ಅವ್ರಿಗೆ ಹೇಳ್ರಿ, ಅದು ನನಗ ಗೊತ್ತಿತ್ತು.”

“ಇಬ್ಬರಿಗೂ ಕಿವಿ ಅದಾವಲ್ರೀ!” ಎಂದು ಇಂದುಮತಿ ಚೀರಿದಳು. “ನಾ ಏನ್ ಟಪಾಲಿನಾಕೀನ?”

ಮೊದಲ ಆಕ್ರಮಣದಲ್ಲಿ ಮುದಗಲ್ಲನ ಹೆಬ್ಬೆರಳು ಅರ್ಧ ನಿಮಿಷವಲ್ಲ, ಎರಡು ನಿಮಿಷ ಗುಂಡಿಯನ್ನದುಮಿತು. ಯಂತ್ರವು ಅದೇ ಬಿಳಿಯ ಸಾಲನ್ನು ನುಡಿಯಿತು. ಎರಡನೆಯದರಲ್ಲಿ ಕೀಲಿಮಣೆಯ ಮೇಲಂಚಿನ ಎಫ್ ಎರಡು, ಎಫ್ ಎಂಟು, ಎಫ್ ಹನ್ನೆರಡರ ಮೇಲೆ ಬೆರಳುಗಳ ಮಳೆಯೇ ಸುರಿಯಿತು. ನೀಲಿಬಣ್ಣದ ಪಾತಾಳವೊಂದು ತೆರೆದುಕೊಂಡಿತು. ಅದರೊಳಗಿನ ಇಂಗ್ಲಿಷ್ ಪಟ್ಟಿಯನ್ನು ಕಂಡು ವೀರನು ಹೊಕ್ಕಷ್ಟೇ ವೇಗದಲ್ಲಿ ಹೊರಬಂದನು. ಮತ್ತೆ ಅದೇ ಸಾಲು. ಹೀಗೆ ಹೊಕ್ಕು ಹೊರಬಂದು, ಮತ್ತೆ ಹೊಕ್ಕು ಹೊರಬರುವಷ್ಟರಲ್ಲಿ ಹನ್ನೆರಡು ಹೊಡೆಯಿತು. ಇಂದುಮತಿ ಮೇಲಿನ ಕಚೇರಿಗೆ ಫೋನಾಯಿಸಿ ಒಂದು ತಾಸು ಹೆಚ್ಚು ಬೇಡಿದಳು. “ಒಂದಕ್ಕ ತಾನಾಗೇ ಬಂದ್ ಆಗ್ತೈತ್ರಿ ಮೇಡಮ್, ನಮ್ ಕೈಯಾಗ ಇಲ್ಲ,” ಎಂಬ ಉತ್ತರ ಬಂತು. ಫೋನಿಟ್ಟವಳ ಕಣ್ಣಂಚು ಒದ್ದೆಯಾಗಿತ್ತು.

ಅದನ್ನು ಕಂಡ ಮುದಗಲ್ಲನು ಬ್ರಹ್ಮಾಸ್ತ್ರವನ್ನೇ ಬೇಡಿದನು. “ಸ್ಕ್ರೂ ಡ್ರೈವರ್ ತರ್ರಿ. ಬಿಚ್ಚೇ ಬಿಡೂನು!”

ಬಿಚ್ಚಿದರೆ ಎಂಬತ್ತಮೂರೂ ಹೋದಂತೆಯೇ ಎಂದು ನದಾಫನು ನಕ್ಷೆ ಬಿಟ್ಟು ತಿರುಗಿದನು. ತಡೆಯಲು ಮೇಜನ್ನು ಸುತ್ತಿಕೊಂಡು ಬಂದವನು ಯಂತ್ರದ ಎಡಗಡೆಗೆ ಬಗ್ಗಿ ನೋಡಿದನು. ಅಲ್ಲಿ ಉಗುರಿನಷ್ಟೇ ಉದ್ದದ ಕೆಂಪು ಪೆನ್‌ಡ್ರೈವೊಂದು ಚುಚ್ಚಿಕೊಂಡು ಕೂತಿತ್ತು. ಅದಕ್ಕಂಟಿಸಿದ ಚೀಟಿಯಲ್ಲಿ ನೀಲಿ ಶಾಯಿಯ ಎರಡಕ್ಷರ: ‘ಬ. ಮು.’

ಅಹಹಾ! ಇಪ್ಪತ್ತೆರಡು ದಿನದ ಸೇಡು ಬೆರಳಳತೆಯ ದೂರದಲ್ಲಿ ಕಾದಿತ್ತು. ಒಂದು ಕೂಗು ಸಾಕು, ಗಜಕೇಸರಿಯ ಮಾನವು ಇಡೀ ಶಾಲೆಯ ಮುಂದೆ ಮಣ್ಣಾಗುತ್ತಿತ್ತು. ನದಾಫನು ಬಾಯಿಯನ್ನೂ ತೆರೆದನು. ಆದರೆ ತಲೆಯೆತ್ತಿದಾಗ ಕಂಡದ್ದು ಎದುರಾಳಿಯ ಕೈ. ಹೆಬ್ಬೆರಳು ಕೆಂಪಗೆ ಊದಿಕೊಂಡಿದ್ದರೂ ಇನ್ನೂ ಗುಂಡಿಯ ಮೇಲೇ ಇತ್ತು. ತೆರೆದ ಬಾಯಿ ಮುಚ್ಚಿತು. ಪೆನ್‌ಡ್ರೈವು ಸದ್ದಿಲ್ಲದೆ ನದಾಫನ ಮುಷ್ಟಿಯೊಳಗೆ ಸೇರಿತು.

“ಮೇಡಮ್ಮರ, ಅವ್ರಿಗೆ ಹೇಳ್ರಿ. ಬಿಚ್ಚೂಕಿಂತ ಮದಲ ಇನ್ನೊಂದ ಸಲ ಗುಂಡಿ ಒತ್ತಲಿ.”

ಮುದಗಲ್ಲನು ಒತ್ತಿದನು. ಪಂಖ ಗುರ್ರೆಂದಿತು. ಕಪ್ಪು ಹರಿದು, ಪರದೆಯ ಮೇಲೆ ಹಸಿರು ಗುಡ್ಡದ ಚಿತ್ರವು ಸೂರ್ಯೋದಯದಂತೆ ಬೆಳಗಿತು!

“ನಾ ಹೇಳಿರಲಿಲ್ಲೇನ್ರಿ!” ಎಂಬ ಮುದಗಲ್ಲನ ಜಯಘೋಷಕ್ಕೆ ಪಕ್ಕದ ಎಂಟನೇ ತರಗತಿಯೂ ಮಗ್ಗಿ ನಿಲ್ಲಿಸಿತು. ಹನ್ನೆರಡು ಐವತ್ತಕ್ಕೆ ಎಂಬತ್ತಮೂರನೆಯ ಹೆಸರೂ ದಡ ಸೇರಿತು. ಇಂದುಮತಿ ಮೂಗೊರೆಸಿಕೊಂಡು ಎಲ್ಲರಿಗೂ ಖಾರ ಕಲಸಿದ ಚುರುಮರಿಯ ಗಿರಮಿಟ್ಟು ತರಿಸಿದಳು.

ತಟ್ಟೆ ಹಿಡಿದು ವರಾಂಡದಲ್ಲಿ ಒಬ್ಬನೇ ನಿಂತಿದ್ದ ವಿಜಯಿಯ ಬಳಿ ನದಾಫನು ಬಂದು ಮುಷ್ಟಿ ಬಿಚ್ಚಿದನು.

“ಇದು ನಿಮ್ದಲ್ಲೇನ್ರಿ?”

ಇಪ್ಪತ್ತೆರಡು ದಿನಗಳಲ್ಲಿ ಇದೇ ಮೊದಲ ನೇರ ಮಾತು. ಮುದಗಲ್ಲನ ಬಾಯೊಳಗಿನ ಚುರುಮರಿ ಅಲ್ಲೇ ನಿಂತಿತು.

“ಎಲ್ಲಿತ್ರಿ?”

“ಯಂತ್ರದ ಎಡಕ್ಕ. ಅದು ತನ್ನ ಹೊಟ್ಟಿ ಬಿಟ್ಟು ಇದರಾಗ ಜೀವ ಹುಡುಕ್ಲಿಕ್ಕತ್ತಿತ್ತು. ಕಿತ್ತೆ, ಎದ್ತು.”

“ಮೇಡಮ್ಮರಿಗೆ ಹೇಳೀರೇನು?”

“ಇಲ್ರಿ. ಅಂಥಾದ್ದೇನೈತಿ ಇದರಾಗ?”

ಮುದಗಲ್ಲನು ಆಚೀಚೆ ನೋಡಿ ದನಿ ತಗ್ಗಿಸಿದನು. “ಜ್ವಾಳದ ರೊಟ್ಟಿ ಮಾಡೂ ವಿಡಿಯೊರಿ. ಮನಿಯಾಕಿಗೆ ಯಾದಗಿರಿಗೆ ವರ್ಗ ಆಗಿ ತಿಂಗಳಾತು. ಆಕೀನ ಮಾಡಿ ಕಳಿಸ್ಯಾಳ. ಮೊಬೈಲ್‌ನಾಗ ಕೈ ಸರಿ ಕಾಣಂಗಿಲ್ಲ ಅಂತ ನಿನ್ನೆ ಶಾಲಿ ಬಿಟ್ಟಮ್ಯಾಲೆ ಇದರಾಗ ಹಾಕಿ ನೋಡಿದ್ನಿ. ತಗೀಲಿಕ್ಕೆ ಮರತ್ನಿ.”

“ರೊಟ್ಟಿ ಬರ್ತಾವೇನು ಮತ್ತ?”

“ಎಲ್ಲಿ ಬರ್ತಾವ್ರಿ. ಬಡದ ಕೂಡ್ಲೆ ಅಂಚು ಹರೀತಾವ.”

“ಹಿಟ್ಟಿಗೆ ನೀರು ಎಂಥಾದ್ದು ಹಾಕ್ತೀರಿ?”

“ನಳದ್ದು.”

“ಅಲ್ರೀ, ಕುದಿಯೂ ನೀರು ಹಾಕ್ತೀರಿಲ್ಲೊ?”

“ಕುದೀಬೇಕೇನ್ರಿ?”

ಆಮ್ಲಪ್ರತ್ಯಾಮ್ಲಪಾರಂಗತನು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಎರಡೂ ಅಂಗೈಗಳಿಂದ ಗಾಳಿಯಲ್ಲೇ ರೊಟ್ಟಿ ಬಡಿದು ತೋರಿಸತೊಡಗಿದನು. ಬೀಜಗಣಿತಗಜಕೇಸರಿಯು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡನು: ‘ನೀರು ಕುದಿಯಬೇಕು.’