ಬಿಪಿ ಪುಸ್ತಕದ ಶುಕ್ರವಾರಗಳು

ಅಮ್ಲೋ... ಅಮ್ಲೋ... ಕೊನೆಗೆ ಪಿನ್ ಅಂತಲೋ ಏನೋ ಬರುತ್ತದೆ. ದಿನಾ ನುಂಗುವ ಬಿಪಿ ಮಾತ್ರೆ, ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಇರಲಿ, ಬಿಳಿ ಮಾತ್ರೆ ಅನ್ನೋಣ. ಕೊಳ್ಳೇಗಾಲದಲ್ಲಿ ಸೋಮವಾರ, ಗುರುವಾರ ಡಯಾಲಿಸಿಸ್ ಶುರುವಾದಾಗಿನಿಂದ ಅದರ ಸುತ್ತ ಏನಾದರೊಂದು ನಡೆಯುತ್ತಲೇ ಇದೆ.

"ಕಿಡ್ನಿ ಕೆಲಸ ಮೆಷಿನ್ ನೋಡಿಕೊಳ್ಳುತ್ತೆ. ಹೃದಯ ಕಾಯೋದಕ್ಕೆ ಈ ಮಾತ್ರೆ," ಎಂದರು ಡಾಕ್ಟರು. "ದಿನಾ ಮನೇಲಿ ಬಿಪಿ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ತಿಂಗಳು ಸರಿಯಾಗಿರಲಿ, ಅಂಕೋಲೆಗೆ ಕಳಿಸ್ತೀನಿ." ಅಂಕೋಲೆ ನನ್ನ ಹುಟ್ಟೂರು. ಅಲ್ಲಿರುವ ಅಕ್ಕನನ್ನು ನೋಡಿ ಒಂಬತ್ತು ವರ್ಷ. ಹೋಗಿಯೇ ತೀರಬೇಕೆಂದು ಅಂದೇ ಹಟ ಹಿಡಿದೆ.

ಹೂವಿನ ಅಪ್ಪಣೆ

ಪಕ್ಕದ ಮಂಚದ, ಹೂಗ್ಯಂ ಊರಿನ ಅಜ್ಜಿಗೆ ಸೋಮವಾರ ಮಾದಪ್ಪನ ಉಪವಾಸ. ಮಾತ್ರೆಯನ್ನೂ ಮುಟ್ಟುತ್ತಿರಲಿಲ್ಲ.

"ಮಾತ್ರೆ ಊಟ ಅಲ್ಲ ಅಜ್ಜಿ," ಎಂದಳು ನರ್ಸಮ್ಮ.

"ಒಟ್ಟೆಗ್ ತಾನೆ ಓಗದು? ಮಾದಪ್ಪನ್ನ ಕೇಳ್ಕ ಬತ್ತೀನಿ ತಡಿ."

ಮನೆಯಲ್ಲಿ ಮಾದಪ್ಪನ ಪಟದ ಮೇಲೆ ಒದ್ದೆ ಹೂವಿಟ್ಟು ಕೇಳಿದಳಂತೆ. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಮುಂದಿನ ವಾರ ಬಂದವಳೇ, "ಅಪ್ಪಣೆ ಆಯ್ತು," ಎಂದಳು.

"ಒಂದೇ ಸಲಕ್ಕೆ ಕೊಟ್ಟನಾ?" ಎಂದೆ.

"ಎಲ್ಲಿ! ಆರ್ ಸಲ ಎಡಕ್ಕೇ ಬಿತ್ತು. ನಾನೂ ಬುಡ್ನಿಲ್ಲ. ಕೊನಿಗೆ ಮಾದಪ್ಪುನ್ಗೇ ಬಿಪಿ ಏರ್ತು ಕಣವ್ವ, ಬಲಕ್ಕೆ ಕೊಟ್ಬುಟ್ಟ."

ಒಂದರ ಬದಲು ಎರಡು

ಡಯಾಲಿಸಿಸ್ ದಿನ ಮೆಷಿನ್ನಿನಲ್ಲಿ ಬಿಪಿ ತಾನೇ ಇಳಿಯುತ್ತದೆ, ಮಾತ್ರೆ ಮನೆಗೆ ಹೋದ ಮೇಲೆ ನುಂಗಿ ಎಂದು ಡಾಕ್ಟರು ಹೇಳಿದ್ದರು. ನನಗೋ ಪುಸ್ತಕದ ಚಿಂತೆ. ಒಂದು ಗುರುವಾರ ಬೆಳಿಗ್ಗೆಯೇ ಎರಡು ನುಂಗಿ ಹೋದೆ. ಅರ್ಧಕ್ಕೇ ಕಣ್ಣು ಕತ್ತಲಿಟ್ಟಿತು.

ಎಚ್ಚರವಾದಾಗ ನರ್ಸಮ್ಮ ನನ್ನ ಕಾಲು ಎತ್ತಿ ಹಿಡಿದಿದ್ದಳು. ಹೂಗ್ಯಂ ಅಜ್ಜಿ ಸೂಜಿಯಿಲ್ಲದ ಕೈಯಲ್ಲಿ ಮುಡಿಯ ಹೂವನ್ನು ಮಾದಪ್ಪನ ಸಣ್ಣ ಪಟದ ಮೇಲೆ ಇಡುತ್ತಿದ್ದಳು.

"ಬಲಕ್ಕೆ ಬಿತ್ತು, ಬದಿಕ್ಕಂಡೆ ಬುಡು!"

"ಎಷ್ಟನೇ ಸಲಕ್ಕೆ?"

"ಮೂರ್ನೇದ್ಕೆ. ಎಳ್ಡು ಸಲ ನೀ ಓಗ್ಬುಟ್ಟಿದ್ದೆ!"

ಬಾವಿ

ತಿಂಗಳ ಕೊನೆಗೆ ಡಾಕ್ಟರು ಪುಸ್ತಕ ತಿರುವಿ ಹುಬ್ಬು ಗಂಟಿಕ್ಕಿದರು. "ಬೇರೆ ದಿನ ಎಲ್ಲೂ ಏರಿಲ್ಲ. ಶುಕ್ರವಾರ ಮಾತ್ರ ಯಾಕಮ್ಮ ಏರುತ್ತೆ?"

ಜೊತೆಗೆ ಬಂದಿದ್ದ ಮೊಮ್ಮಗಳು ಬಾಯಿಬಿಟ್ಟಳು. "ಅವತ್ತು ಅಂಕೋಲೆಯಿಂದ ದೊಡ್ಡಜ್ಜಿ ಫೋನ್ ಮಾಡ್ತಾರೆ ಸಾರ್. ಇಬ್ಬರೂ ಜಗಳ ಆಡ್ತಾರೆ."

ಜಗಳ ಅರವತ್ತು ವರ್ಷದ್ದು. ಚಿಕ್ಕಂದಿನಲ್ಲಿ ನಮ್ಮಿಬ್ಬರಲ್ಲಿ ಒಬ್ಬಳು ಬಾವಿಗೆ ಬಿದ್ದಿದ್ದಳು. ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

"ಬರೋ ಶುಕ್ರವಾರ ಸರಿ ಇದ್ದರೆ ಅಂಕೋಲೆ. ಇಲ್ಲದಿದ್ದರೆ ಇಲ್ಲ," ಎಂದರು ಡಾಕ್ಟರು.

ಶುಕ್ರವಾರ ಮೊಮ್ಮಗಳು ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿ ಕೂತಳು. ಫೋನ್ ಬಂತು.

"ಎಂತದೇ, ಇನ್ನೂ ಒಪ್ಪೂದಿಲ್ವಾ? ಬಾವಿಗೆ ಬಿದ್ದದ್ದು ನೀನೇ!"

ಹಲ್ಲು ಕಚ್ಚಿದೆ. ಅಂಕೋಲೆಯ ಬಸ್ಸು ನೆನೆಸಿಕೊಂಡೆ. "ಹೌದಕ್ಕ. ನಾನೇ ಬಿದ್ದದ್ದು."

ಆ ಕಡೆ ಅಕ್ಕ ಗೆದ್ದೆನೆಂದು ನಕ್ಕಳು. ಈ ಕಡೆ ಮೊಮ್ಮಗಳು ಕುಣಿದಳು. "ಅಜ್ಜಿ, ಬಿಪಿ ಸರಿಯಾಗಿದೆ!"

ಫೋನ್ ಇಟ್ಟೆ. "ಬರಕೊಂಡೆಯಾ?"

"ಬರೆದೆ."

"ಡಾಕ್ಟರು ನೋಡಿ ಸಹಿ ಹಾಕಿದ ಮೇಲೆ ಅದರ ಕೆಳಗೇ ಇನ್ನೊಂದು ಸಾಲು ಬರಿ ಮಗಳೇ, ದಪ್ಪ ಅಕ್ಷರದಲ್ಲಿ: ಬಾವಿಗೆ ಬಿದ್ದದ್ದು ಅಕ್ಕ."